ಅನಿಲದ ಒಲೆ ಕೆಟ್ಟಾಗ ಯಾರ ಕೈ?

ನಮ್ಮ ನುಡಿಯಲ್ಲಿ ಅನಿಲವೆಂದರೆ ಗಾಳಿ, ಅನಲವೆಂದರೆ ಬೆಂಕಿ. ಬರವಣಿಗೆಯಲ್ಲಿ ಇವೆರಡಕ್ಕೂ ಇರುವ ಅಂತರ ಒಂದು ಗುಡಿಸು ಮಾತ್ರ. ಹುಡುಗರು ಆ ಗುಡಿಸನ್ನು ಮರೆತು ಬರೆದರೆ ನಾವು ಉಪಾಧ್ಯಾಯರು ಅರ್ಧ ಅಂಕ ಕಳೆಯುತ್ತೇವೆ. ಅಡಿಗೆಯ ಮನೆಯಲ್ಲಿ ಆ ಅಂತರ ಅಳಿಸಿಹೋದರೆ ಕಳೆದುಹೋಗುವುದು ಅಂಕವಲ್ಲ.

ಒಲೆಯ ಉರಿ ಮಂದವಾಯಿತೆನ್ನಿರಿ. ಇಲ್ಲವೆ ನಾಬು ಬಿಗಿಯಾಯಿತು, ಪೈಪಿನ ಬಳಿ ಸಣ್ಣದಾಗಿ ವಾಸನೆ ಬಂತು. ಆಗ ಮನೆಯಲ್ಲಿ ಒಂದು ಚರ್ಚೆ ಏಳುತ್ತದೆ. ‘ಇದಕ್ಕೆಲ್ಲ ಮೆಕ್ಯಾನಿಕ್ಕು ಯಾಕೆ? ಒಂದು ಸ್ಪ್ಯಾನರು ಕೊಡಿ, ನಾನೇ ನೋಡುತ್ತೇನೆ’ ಎಂದು ಮಗನೋ ಅಳಿಯನೋ ಮುಂದೆ ಬರುತ್ತಾನೆ. ‘ಬೇಡಪ್ಪಾ, ತಿಳಿದವರನ್ನು ಕರೆಸು’ ಎಂದು ಮನೆಯ ಹಿರಿಯಾಕೆ ತಡೆಯುತ್ತಾಳೆ. ಒಬ್ಬರದು ಮಿತವ್ಯಯದ ಮಾತು, ಇನ್ನೊಬ್ಬರದು ಭಯದ ಮಾತು ಎಂದು ನಮಗೆ ತೋರುತ್ತದೆ. ಆದರೆ ಈ ಚರ್ಚೆ ನಮ್ಮ ಮನೆಗಳಲ್ಲಿ ಹುಟ್ಟಿದ್ದಲ್ಲ. ಇದಕ್ಕೆ ಇನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ, ಅದಕ್ಕೆ ದೊರೆತ ಉತ್ತರಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ. ಆ ಇತಿಹಾಸವನ್ನು ಒಮ್ಮೆ ನೋಡೋಣ.

ಮೊದಲು ಮನುಷ್ಯನು ಮನೆಯೊಳಗೆ ತಂದುಕೊಂಡದ್ದು ಕಲ್ಲಿದ್ದಲ ಅನಿಲ. ಗಾಳಿ ಸೋಕದಂತೆ ಕಲ್ಲಿದ್ದಲನ್ನು ಕಾಯಿಸಿದರೆ ಉರಿಯುವ ಅನಿಲ ಹೊರಡುತ್ತದೆ. ವಿಲಿಯಂ ಮರ್ಡಾಕ್ ಎಂಬಾತನು ೧೭೯೨ರಲ್ಲಿ ಇಂಗ್ಲೆಂಡಿನ ರೆಡ್ರೂತ್ ಎಂಬಲ್ಲಿ ತನ್ನ ಮನೆಯನ್ನು ಈ ಅನಿಲದಿಂದ ಬೆಳಗಿಸಿಕೊಂಡನು. ೧೮೦೭ರಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಅನಿಲದೀಪಗಳು ಉರಿದವು. ೧೮೧೨ರಲ್ಲಿ ಆ ನಗರಕ್ಕೆ ಅನಿಲ ಒದಗಿಸುವ ಸಂಸ್ಥೆಯೊಂದು ರಾಜಸನ್ನದು ಪಡೆಯಿತು. ೧೮೫೭ರಲ್ಲಿ ನಮ್ಮ ದೇಶದ ಕಲಕತ್ತೆಯ ಬೀದಿಗಳಿಗೂ ಅನಿಲದೀಪ ಬಂತು.

ಈ ಕಲ್ಲಿದ್ದಲ ಅನಿಲಕ್ಕೆ ಎರಡು ಗುಣಗಳಿದ್ದವು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಸೇರಿದ್ದುದರಿಂದ ಉರಿಯದೆ ಸೋರಿದರೂ ಅದು ಪ್ರಾಣ ತೆಗೆಯಬಲ್ಲದಾಗಿತ್ತು. ಆದರೆ ಅದರಲ್ಲೇ ಬೆರೆತಿದ್ದ ಗಂಧಕದ ಕಶ್ಮಲಗಳಿಂದ ಅದಕ್ಕೆ ಸಹಿಸಲಾಗದ ದುರ್ವಾಸನೆಯೂ ಇತ್ತು. ಜನ ಆ ನಾತವನ್ನು ಶಪಿಸಿದರು. ಆದರೂ ಮನೆಯನ್ನು ಕಾಯುತ್ತಿದ್ದುದು ಅದೇ ನಾತ. ಕೊಳವೆ ಎಲ್ಲಿ ಬಿಟ್ಟುಕೊಂಡಿತೆಂಬುದನ್ನು ಓದುಬರಹ ಬಾರದ ಸೇವಕನ ಮೂಗೂ ಹೇಳಿಬಿಡುತ್ತಿತ್ತು.

ಮುಂದೆ ಭೂಮಿಯೊಳಗಿಂದ ನೇರವಾಗಿ ಬರುವ ನೈಸರ್ಗಿಕ ಅನಿಲದ ಬಳಕೆ ಅಮೆರಿಕದಲ್ಲಿ ಬಲಿಯಿತು. ಇದು ಕಲ್ಲಿದ್ದಲ ಅನಿಲಕ್ಕಿಂತ ಹೆಚ್ಚು ಶಾಖ ಕೊಡುತ್ತದೆ. ಇದರಲ್ಲಿ ಆ ವಿಷವಾಯುವೂ ಇಲ್ಲ. ಎಲ್ಲ ವಿಧದಲ್ಲೂ ಇದೇ ಮೇಲೆಂದು ತೋರಿತು. ಆದರೆ ಶುದ್ಧವಾದ ನೈಸರ್ಗಿಕ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಸೋರಿ ಕೋಣೆ ತುಂಬಿದರೂ ಒಳಗೆ ಕುಳಿತವರಿಗೆ ತಿಳಿಯದು. ಊರಿಗೆ ಅನಿಲ ಮಾರುವ ಕೆಲವು ಸಂಸ್ಥೆಗಳು ತಾವಾಗಿಯೇ ಅದಕ್ಕೆ ವಾಸನೆ ಬೆರೆಸುತ್ತಿದ್ದುದುಂಟು. ಆದರೆ ಬೆರೆಸಲೇಬೇಕೆಂಬ ಕಟ್ಟಳೆ ಟೆಕ್ಸಾಸ್ ಸಂಸ್ಥಾನದಲ್ಲಿ ಇರಲಿಲ್ಲ. ಅಲ್ಲಿ ನಡೆದ ಒಂದು ಘಟನೆಯೇ ನಮ್ಮ ಪ್ರಶ್ನೆಯ ತಿರುಳು.

ಟೆಕ್ಸಾಸಿನ ಪೂರ್ವಭಾಗದಲ್ಲಿ ನ್ಯೂ ಲಂಡನ್ ಎಂಬ ಸಣ್ಣ ಊರಿದೆ. ೧೯೩೦ರಲ್ಲಿ ಆ ಸೀಮೆಯಲ್ಲಿ ಎಣ್ಣೆಯ ಬಾವಿಗಳು ಸಿಕ್ಕವು. ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದಾಗ ಈ ಊರು ಸಿರಿವಂತವಾಯಿತು. ಆ ಸಿರಿಯಿಂದ ಊರವರು ಕಟ್ಟಿಕೊಂಡದ್ದು ಒಂದು ಶಾಲೆ. ಉಕ್ಕಿನ ಚೌಕಟ್ಟಿನ ಭವ್ಯವಾದ ಕಟ್ಟಡ. ಹಣ ಬಂದಾಗ ಮಕ್ಕಳ ಓದಿಗಾಗಿ ಅದನ್ನು ಸುರಿದ ಊರನ್ನು ನಾವು ಮೆಚ್ಚಲೇಬೇಕು.

ಕಟ್ಟಡದ ನಕ್ಷೆ ಬರೆದ ಶಿಲ್ಪಿಯು ಚಳಿಗಾಲಕ್ಕೆ ಕೋಣೆಗಳನ್ನು ಬೆಚ್ಚಗಿಡಲು ಒಂದು ಹಬೆಯ ಬಾಯ್ಲರನ್ನು ಯೋಜಿಸಿದ್ದನು. ಶಾಲೆಯ ಮಂಡಳಿಯವರು ಆ ಸಲಹೆಯನ್ನು ಬದಿಗಿಟ್ಟು, ಕಟ್ಟಡದ ಉದ್ದಕ್ಕೂ ೭೨ ಅನಿಲದ ಶಾಖಯಂತ್ರಗಳನ್ನು ಇರಿಸಿದರು. ಇದು ಮೊದಲ ಮಿತವ್ಯಯ. ಎರಡನೆಯದು ೧೯೩೭ರ ಆರಂಭದಲ್ಲಿ ನಡೆಯಿತು. ಅಲ್ಲಿಯವರೆಗೆ ಶಾಲೆಯು ಅನಿಲ ಮಾರುವ ಸಂಸ್ಥೆಯಿಂದ ಅನಿಲ ಕೊಳ್ಳುತ್ತಿತ್ತು. ಹತ್ತಿರದಲ್ಲೇ ಪೆಟ್ರೋಲು ತೆಗೆಯುವ ಕಾರ್ಖಾನೆಯೊಂದರ ಕೊಳವೆ ಹಾದುಹೋಗುತ್ತಿತ್ತು. ಪೆಟ್ರೋಲು ತೆಗೆದಾದ ಮೇಲೆ ಉಳಿಯುವ ಅನಿಲ ಅದರಲ್ಲಿ ಹರಿದು ಸುಮ್ಮನೆ ಉರಿದುಹೋಗುತ್ತಿತ್ತು. ಆ ಭಾಗದ ಎಷ್ಟೋ ಮನೆಗಳವರು ಅಂಥ ಕೊಳವೆಗೆ ತೂತು ಕೊರೆದು ಪುಕ್ಕಟೆಯಾಗಿ ಅನಿಲ ಪಡೆಯುತ್ತಿದ್ದರು. ಕಂಪನಿಗಳು ಒಪ್ಪಿಗೆ ಕೊಟ್ಟಿರಲಿಲ್ಲ, ತಡೆದೂ ಇರಲಿಲ್ಲ. ಶಾಲೆಯ ಮಂಡಳಿಯೂ ಹಳೆಯ ಒಪ್ಪಂದವನ್ನು ರದ್ದುಮಾಡಿ, ಜನ ಹಿಡಿದು ಆ ಕೊಳವೆಯಿಂದ ಶಾಲೆಗೆ ಸಂಪರ್ಕ ಮಾಡಿಸಿಕೊಂಡಿತು. ಇದರಿಂದ ತಿಂಗಳಿಗೆ ಉಳಿದದ್ದು ಸುಮಾರು ೩೦೦ ಡಾಲರು.

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕೊಳವೆ ಜೋಡಿಸಿದವರು ಕೈಕೆಲಸ ಬಾರದವರೆಂದು ತಿಳಿಯಬೇಡಿರಿ. ಅನಿಲ ಬಂತು, ಯಂತ್ರಗಳು ಉರಿದವು, ಕೋಣೆಗಳು ಬೆಚ್ಚಗಾದವು. ಕೆಲಸ ನಡೆಯಿತು ಎಂಬುದನ್ನೇ ಕೆಲಸ ಸರಿಯಾಯಿತು ಎಂದು ಎಲ್ಲರೂ ಭಾವಿಸಿದರು. ಕೊಳವೆಯ ಎಲ್ಲ ಕೀಲುಗಳನ್ನೂ ಪರೀಕ್ಷಿಸಿ, ‘ಇದಕ್ಕೆ ನಾನು ಹೊಣೆ’ ಎಂದು ನಿಲ್ಲುವವನು ಮಾತ್ರ ಒಬ್ಬನೂ ಇರಲಿಲ್ಲ. ಕಟ್ಟಡದ ನೆಲದ ಕೆಳಗೆ ಉದ್ದಕ್ಕೂ ಒಂದು ಪೊಳ್ಳು ಜಾಗವಿತ್ತು. ಎಲ್ಲಿಂದಲೋ ಸೋರಿದ ಅನಿಲ ಅಲ್ಲಿ ದಿನದಿನಕ್ಕೆ ತುಂಬುತ್ತ ಬಂದಿತು. ಮಕ್ಕಳು ತಲೆನೋವೆಂದು ಹೇಳಿಕೊಂಡದ್ದುಂಟು. ಆದರೆ ವಾಸನೆ ಇಲ್ಲದ ಮೇಲೆ ಯಾರು ಏನೆಂದು ಸಂಶಯಪಟ್ಟಾರು?

೧೯೩೭ನೆಯ ಮಾರ್ಚ್ ೧೮, ಗುರುವಾರ. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಶಾಲೆ ಬಿಡಲು ಕೆಲವೇ ನಿಮಿಷಗಳಿದ್ದವು. ಮರಗೆಲಸ ಕಲಿಸುವ ಉಪಾಧ್ಯಾಯನು ಮರವನ್ನು ಉಜ್ಜಿ ನಯಮಾಡುವ ವಿದ್ಯುತ್ ಯಂತ್ರವೊಂದನ್ನು ಚಾಲೂ ಮಾಡಿದನು. ಅದರ ಸ್ವಿಚ್ಚಿನಲ್ಲಿ ಹುಟ್ಟಿದ ಕಿಡಿಯೇ ಸಾಕಾಯಿತೆಂದು ನಂಬಲಾಗಿದೆ. ಕಟ್ಟಡ ಮೇಲಕ್ಕೆದ್ದು ಕುಸಿಯಿತು. ಎರಡು ಟನ್ನು ತೂಕದ ಕಾಂಕ್ರೀಟಿನ ತುಂಡೊಂದು ಹಾರಿ ದೂರದಲ್ಲಿ ನಿಂತಿದ್ದ ಮೋಟಾರನ್ನು ಅಪ್ಪಚ್ಚಿ ಮಾಡಿತು. ಬೇರೆ ಕಟ್ಟಡದಲ್ಲಿ ಸಭೆ ಸೇರಿದ್ದ ತಾಯಂದಿರು ಓಡಿಬಂದರು. ಎಣ್ಣೆಬಾವಿಗಳ ಕೂಲಿಗಳು ತಮ್ಮ ಯಂತ್ರಗಳನ್ನು ತಂದು, ಮಳೆಯಲ್ಲಿ ರಾತ್ರಿಯಿಡೀ ಅವಶೇಷ ಎತ್ತಿದರು. ಅವರಲ್ಲಿ ಎಷ್ಟೋ ಮಂದಿ ಅಗೆದು ತೆಗೆದದ್ದು ತಮ್ಮ ಮಕ್ಕಳನ್ನೇ. ಸತ್ತವರು ೨೯೦ಕ್ಕೂ ಹೆಚ್ಚು. ಬಹುಪಾಲು ಶಾಲೆಯ ಮಕ್ಕಳು. ಶಾಲೆಯ ಮುಖ್ಯಾಧಿಕಾರಿಯ ಮಗನೂ ಅವರಲ್ಲಿ ಒಬ್ಬನು.

ಕುಸಿದ ಗೋಡೆಗಳ ನಡುವೆ ಒಂದು ಕಪ್ಪುಹಲಗೆ ಸಿಕ್ಕಿತು. ಎಣ್ಣೆಯೂ ನೈಸರ್ಗಿಕ ಅನಿಲವೂ ಪೂರ್ವ ಟೆಕ್ಸಾಸಿನ ಮಹಾ ಭಾಗ್ಯ, ಅವಿಲ್ಲದಿದ್ದರೆ ಈ ಶಾಲೆಯೂ ಇಲ್ಲ, ನಾವು ಇಲ್ಲಿ ಕುಳಿತು ಕಲಿಯುವುದೂ ಇಲ್ಲ ಎಂಬ ಅರ್ಥದ ಪಾಠ ಅದರ ಮೇಲೆ ಬರೆದಿತ್ತು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನನ್ನಂಥವನಿಗೆ ಆ ಹಲಗೆಯ ವಿಷಯ ಓದಿದಾಗ ಮಾತು ಹೊರಡುವುದಿಲ್ಲ. ಪಾಠದಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೆ ಸೇರಬೇಕಾಗಿದ್ದ ಇನ್ನೊಂದು ವಾಕ್ಯ ಮಾತ್ರ ಇರಲಿಲ್ಲ.

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಟೆಕ್ಸಾಸಿನ ಶಾಸನಸಭೆಯು ಅದೇ ವರ್ಷ ಎರಡು ಕಾನೂನುಗಳನ್ನು ಮಾಡಿತು. ಒಂದು, ಅನಿಲಕ್ಕೆ ವಾಸನೆ ಬೆರೆಸಲೇಬೇಕೆಂಬುದು. ಇನ್ನೊಂದು, ನೋಂದಣಿಯಾಗದವನು ತನ್ನನ್ನು ಇಂಜಿನಿಯರೆಂದು ಕರೆದುಕೊಳ್ಳಕೂಡದೆಂಬುದು. ಈ ಎರಡು ಕಾನೂನುಗಳನ್ನು ಜೊತೆಯಾಗಿ ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರ ಕಾಣತೊಡಗುತ್ತದೆ. ಮೊದಲನೆಯದು ಮನೆಯಲ್ಲಿರುವ ಸಾಮಾನ್ಯನಿಗೆ ಒಂದು ಆಯುಧ ಕೊಟ್ಟಿತು: ಆತನ ಮೂಗು. ಎರಡನೆಯದು, ಕೈಹಚ್ಚುವ ಕೆಲಸಕ್ಕೆ ಹೊಣೆಗಾರನೊಬ್ಬನು ಇರಬೇಕೆಂದಿತು. ಅಪಾಯವನ್ನು ಅರಿಯುವುದು ಎಲ್ಲರ ಕೆಲಸ. ಅದನ್ನು ಸರಿಪಡಿಸುವುದು ಕಲಿತವನ ಕೆಲಸ.

ವಾಸನೆಯೊಂದು ಬಂದರೆ ಸಾಲದೆ, ಬಲ್ಲವನೇ ಏಕೆ ಬೇಕು ಎಂದು ಕೇಳುವಿರಾ? ಅದಕ್ಕೆ ಇಂಗ್ಲೆಂಡಿನ ಇನ್ನೊಂದು ಕಥೆ ಉತ್ತರ ಹೇಳುತ್ತದೆ. ಲಂಡನ್ನಿನ ಪೂರ್ವದಲ್ಲಿ ರೋನನ್ ಪಾಯಿಂಟ್ ಎಂಬ ೨೨ ಅಂತಸ್ತಿನ ಹೊಸ ಕಟ್ಟಡವಿತ್ತು. ಜನ ಬಂದು ನೆಲಸಿ ಸುಮಾರು ಎರಡು ತಿಂಗಳಷ್ಟೇ ಆಗಿತ್ತು. ೧೯೬೮ನೆಯ ಮೇ ೧೬ರ ಬೆಳಗಿನ ಜಾವ ೧೮ನೆಯ ಅಂತಸ್ತಿನಲ್ಲಿದ್ದ ಒಬ್ಬ ಹೆಂಗಸು ಚಹಾ ಕಾಯಿಸಲೆಂದು ಒಲೆಯ ಬಳಿ ಕಡ್ಡಿ ಗೀರಿದಳು. ರಾತ್ರಿ ಸೋರಿ ತುಂಬಿದ್ದ ಅನಿಲ ಸಿಡಿಯಿತು. ಗೋಡೆ ಹೊರಕ್ಕೆ ಬಿದ್ದು ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೂ ಕುಸಿಯಿತು. ನಾಲ್ವರು ಸತ್ತರು. ಆ ಹೆಂಗಸು ಬದುಕಿದಳು. ಇನ್ನೂ ಆಶ್ಚರ್ಯವೆಂದರೆ, ಆಕೆಯ ಒಲೆಯೂ ಉಳಿಯಿತು. ಮುಂದಿನ ಮನೆಗೆ ಅದನ್ನೇ ಕೊಂಡೊಯ್ದಳು.

ಹಾಗಾದರೆ ಕೆಟ್ಟಿದ್ದು ಯಾವುದು? ಕಟ್ಟಡದ ಗೋಡೆಗಳ ಜೋಡಣೆ ದುರ್ಬಲವಾಗಿದ್ದುದೇ ಕುಸಿತಕ್ಕೆ ಕಾರಣವೆಂದು ವಿಚಾರಣೆ ತಿಳಿಸಿತು. ಅನಿಲ ಸೋರಿದ್ದಕ್ಕೆ ಕಾರಣ ಮಾತ್ರ ಒಲೆಗೂ ಕೊಳವೆಗೂ ನಡುವೆ ಇದ್ದ ಒಂದು ಹಿತ್ತಾಳೆಯ ನಟ್ಟು. ಅದರ ಅಂಚು ಇರಬೇಕಾದಷ್ಟು ದಪ್ಪವಾಗಿರಲಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ನಟ್ಟುಗಳಂತೆ ಅದೂ ಒಂದು. ಬಿಗಿಮಾಡಿದರೆ ಬಿಗಿಯಾಗುತ್ತಿತ್ತು, ಒಲೆ ಉರಿಯುತ್ತಿತ್ತು. ಇಂಥ ದೋಷವನ್ನು ಬುದ್ಧಿವಂತಿಕೆಯಿಂದ ಕಂಡುಹಿಡಿಯಲಾಗದು. ಸರಿಯಾದ ನಟ್ಟು ಹೇಗಿರಬೇಕೆಂದು ನೂರಾರು ಸಲ ನೋಡಿ, ಅಳೆದು, ಪರೀಕ್ಷಿಸಿ ಅಭ್ಯಾಸವಾಗಿರಬೇಕು.

ಈ ದುರಂತದ ನಂತರ ೧೯೭೦ರಲ್ಲಿ ಅಲ್ಲಿ ಅನಿಲದ ಕೆಲಸಗಾರರ ನೋಂದಣಿಗಾಗಿ ‘ಕಾರ್ಗಿ’ ಎಂಬ ಸಂಸ್ಥೆ ಹುಟ್ಟಿತು. ೧೯೭೨ರಲ್ಲಿ ಅನಿಲ ಸುರಕ್ಷತೆಯ ನಿಯಮಗಳು ಬಂದವು. ಇಷ್ಟವಿದ್ದವರು ಸೇರಬಹುದಾಗಿದ್ದ ನೋಂದಣಿಯು ೧೯೯೧ರಲ್ಲಿ ಕಡ್ಡಾಯವಾಯಿತು. ೨೦೦೯ರಿಂದ ಆ ಸ್ಥಾನದಲ್ಲಿ ‘ಗ್ಯಾಸ್ ಸೇಫ್’ ಎಂಬ ನೋಂದಣಿ ಇದೆ. ಇದೇ ಕಾಲದಲ್ಲಿ, ಎಂದರೆ ೧೯೬೭ರಿಂದ ೧೯೭೭ರ ನಡುವೆ, ಆ ದೇಶವು ಕಲ್ಲಿದ್ದಲ ಅನಿಲವನ್ನು ಬಿಟ್ಟು ಸಮುದ್ರದಡಿಯ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಬೇರೆ ಅನಿಲಕ್ಕೆ ಬರ್ನರಿನ ರಂಧ್ರ ಬೇರೆ, ಬೆರೆಯಬೇಕಾದ ಗಾಳಿಯ ಪ್ರಮಾಣ ಬೇರೆ. ಆದಕಾರಣ ತರಬೇತಿ ಪಡೆದ ಕೆಲಸಗಾರರು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಒಂದೊಂದಾಗಿ ಹೋಗಿ ಪ್ರತಿಯೊಂದು ಒಲೆಯನ್ನೂ ಹೊಂದಿಸಿದರು. ಬಿಡಿಭಾಗಗಳನ್ನು ಅಂಚೆಯಲ್ಲಿ ಕಳಿಸಿ ‘ನೀವೇ ಹಾಕಿಕೊಳ್ಳಿ’ ಎನ್ನಲಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಬೀದಿಗಳು ೧೯೦೫ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಳಗಿದವು. ಲಂಡನ್ನಿನಂತೆ ನೂರು ವರ್ಷ ಅನಿಲದೀಪಗಳ ಜೊತೆಗೆ ಬಾಳಿದ ಅನುಭವ ನಮ್ಮ ಊರುಗಳಿಗಿಲ್ಲ. ಅನಿಲದ ಕಸುಬನ್ನು ತಂದೆಯಿಂದ ಕಲಿತ ಮಗನೂ ಇಲ್ಲ. ನಾವು ಸೌದೆ ಒಲೆಯಿಂದ ಸೀಮೆಎಣ್ಣೆಯ ಸ್ಟೌಗೆ ಬಂದೆವು, ಅಲ್ಲಿಂದ ನೇರವಾಗಿ ಸಿಲಿಂಡರಿಗೆ. ೧೯೫೫ರಲ್ಲಿ ಬರ್ಮಾ ಶೆಲ್ ಸಂಸ್ಥೆಯು ಮುಂಬಯಿಯಲ್ಲಿ ದ್ರವ ಪೆಟ್ರೋಲಿಯಂ ಅನಿಲವನ್ನು ಮನೆಗಳಿಗೆ ಕೊಡತೊಡಗಿತು. ೧೯೬೫ರಲ್ಲಿ ‘ಇಂಡೇನ್’ ಕಲಕತ್ತೆಯಲ್ಲಿ ಆರಂಭವಾಯಿತು. ಈಗ ಹಳ್ಳಿಯ ಮನೆಗಳಲ್ಲಿಯೂ ಕೆಂಪು ಸಿಲಿಂಡರು ಕಾಣುತ್ತದೆ.

ಪಂಪ್ ಸ್ಟೌ ಕೆಟ್ಟರೆ ನಮ್ಮ ಹಿರಿಯರು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದರು. ಪಿನ್ನು ಹಾಕಿ ತೂತು ಬಿಡಿಸುವುದು, ವಾಷರಿಗೆ ಎಣ್ಣೆ ಬಿಡುವುದು ಮನೆಮನೆಯ ವಿದ್ಯೆಯಾಗಿತ್ತು. ಅದರಲ್ಲಿಯೂ ಅಪಾಯವಿಲ್ಲದಿರಲಿಲ್ಲ, ಆದರೆ ಸೀಮೆಎಣ್ಣೆ ಸೋರಿದರೆ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಹತ್ತುತ್ತಿತ್ತು, ಹೊಗೆಯೆದ್ದರೆ ಗೋಡೆ ಕಪ್ಪಾಗುತ್ತಿತ್ತು. ತಪ್ಪು ತನ್ನನ್ನು ತಾನೇ ತೋರಿಸಿಕೊಳ್ಳುತ್ತಿತ್ತು. ಅದೇ ಕೈವಾಡಿಕೆಯನ್ನು ನಾವು ಅನಿಲದ ಒಲೆಗೂ ತಂದಿದ್ದೇವೆ. ಇಲ್ಲಿ ತಪ್ಪು ಅಡಗಿ ಕೂರುತ್ತದೆ.

ನಮ್ಮ ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗದೆ ನೆಲದ ಮೇಲೆ ನೀರಿನಂತೆ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಸಿಲಿಂಡರಿನೊಳಗಿನ ಒಂದು ಲೋಟ ದ್ರವವು ಹೊರಬಂದರೆ ಸುಮಾರು ೨೫೦ ಲೋಟ ಅನಿಲವಾಗುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಸುಮಾರು ೨ ಭಾಗ ಸೇರಿದರೆ ಸಿಡಿಯಲು ಸಾಕು. ಅದರಲ್ಲಿ ನಮಗೆ ಬರುವ ನಾತ ಅನಿಲದ ಸ್ವಂತದ್ದಲ್ಲ. ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್ ಎಂಬ ಗಂಧಕದ ವಸ್ತುವಿನದು. ಅಪಾಯದ ಪ್ರಮಾಣದ ಐದನೆಯ ಒಂದು ಭಾಗ ಸೇರುವುದರೊಳಗೇ ಮೂಗಿಗೆ ತಿಳಿಯಲೆಂದು ಅದನ್ನು ಬೆರೆಸುತ್ತಾರೆ. ನ್ಯೂ ಲಂಡನ್ನಿನ ಮಕ್ಕಳಿಗೆ ಇಲ್ಲದೆಹೋದ ಎಚ್ಚರಿಕೆ ಅದು. ಅಡಿಗೆಯ ಮನೆಯಲ್ಲಿ ಆ ನಾತ ಬಂದಾಗ ‘ಸ್ವಲ್ಪ ತಾನೆ’ ಎಂದು ಮೂಗು ಮುಚ್ಚಿಕೊಳ್ಳುವವರು ಇದನ್ನು ನೆನೆಯತಕ್ಕದ್ದು.

ವಾಸನೆಯೂ ಕಾಯದ ಇನ್ನೊಂದು ದೋಷವುಂಟು. ಬರ್ನರಿನ ಸೂಕ್ಷ್ಮ ರಂಧ್ರವನ್ನು ಪಿನ್ನಿನಿಂದ ಕೆದಕಿ ಅಗಲಮಾಡಿದರೆ ಅನಿಲ ಹೆಚ್ಚು, ಗಾಳಿ ಕಡಮೆಯಾಗಿ ಉರಿ ಹಳದಿಯಾಗುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ. ಹಾಗೆ ಅರೆಬೆಂದ ಅನಿಲದಿಂದ ಹುಟ್ಟುವುದು ಹಿಂದೆ ಹೇಳಿದ ಕಾರ್ಬನ್ ಮಾನಾಕ್ಸೈಡ್. ಬೆರೆಸಿದ ನಾತ ಉರಿಯಲ್ಲಿ ಸುಟ್ಟುಹೋಗಿರುತ್ತದೆ. ಈ ವಿಷವಾಯುವಿಗೆ ಸ್ವಂತ ವಾಸನೆ ಇಲ್ಲ. ಹಿಂದೆ ಇಂಗ್ಲೆಂಡಿನ ಗಣಿಕೆಲಸಗಾರರು ಇದನ್ನರಿಯಲು ಪಂಜರದಲ್ಲಿ ಕೆನೇರಿ ಹಕ್ಕಿಯನ್ನು ಜೊತೆಗೆ ಒಯ್ಯುತ್ತಿದ್ದರು. ಹಕ್ಕಿ ಒರಗಿದರೆ ಓಡಿಬರುತ್ತಿದ್ದರು. ಕಿಟಕಿ ಮುಚ್ಚಿದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರು ಉರಿಸುವ ಮನೆಗಳಲ್ಲಿ ಹಕ್ಕಿಯೂ ಇಲ್ಲ. ಅಂಥಲ್ಲಿ ತಲೆನೋವು, ತಲೆಸುತ್ತು ಬಂದರೆ ಅದನ್ನು ಪಿತ್ತವೆಂದು ತಳ್ಳಿಹಾಕದೆ ಕೂಡಲೇ ಹೊರಗಿನ ಗಾಳಿಗೆ ಬರಬೇಕು.

ಹಾಗೆಂದು ಮನೆಯವರು ಕೈಕಟ್ಟಿ ಕೂರಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ಪಾಲಿನ ಕೆಲಸ ಬೇಕಾದಷ್ಟಿದೆ. ಬರ್ನರಿನ ತಲೆಯನ್ನು ತೆಗೆದು ತೊಳೆದು ಒಣಗಿಸುವುದು, ಉಕ್ಕಿದ ಹಾಲನ್ನು ಒರೆಸುವುದು, ಉರಿಯ ಬಣ್ಣವನ್ನು ಗಮನಿಸುವುದು, ರಾತ್ರಿ ಮಲಗುವಾಗ ರೆಗ್ಯುಲೇಟರನ್ನು ಮುಚ್ಚುವುದು ನಿಮ್ಮವು. ಕೀಲುಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆಯೇಳುತ್ತದೆಯೇ ಎಂದು ನೋಡುವುದೂ ನಿಮ್ಮದೇ. ಬೆಂಕಿಕಡ್ಡಿಯಿಂದ ಎಂದಿಗೂ ಪರೀಕ್ಷಿಸತಕ್ಕದ್ದಲ್ಲ. ವಾಸನೆ ಬಂತೇ? ರೆಗ್ಯುಲೇಟರು ಮುಚ್ಚಿರಿ, ಉರಿಯುವ ದೀಪ ಊದುಬತ್ತಿಗಳನ್ನು ಆರಿಸಿರಿ, ಬಾಗಿಲು ಕಿಟಕಿ ತೆರೆಯಿರಿ. ವಿದ್ಯುತ್ ಸ್ವಿಚ್ಚನ್ನು ಹಾಕಲೂ ಬೇಡಿರಿ, ಆರಿಸಲೂ ಬೇಡಿರಿ. ನ್ಯೂ ಲಂಡನ್ನಿನ ಶಾಲೆಯನ್ನು ನೆನೆಯಿರಿ. ಹೊರಗೆ ಬಂದು ೧೯೦೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿರಿ. ಅನಿಲ ಸೋರಿಕೆಗೆಂದೇ ದೇಶಕ್ಕೆಲ್ಲ ಇರುವ ಸಹಾಯವಾಣಿ ಅದು.

ಕಲಿತವನ ಪಾಲಿಗೆ ಬಿಡಬೇಕಾದದ್ದು ಇಷ್ಟು: ಸಿಲಿಂಡರಿನ ವಾಲ್ವು, ರೆಗ್ಯುಲೇಟರಿನ ಒಳಭಾಗ, ಒಲೆಯ ನಾಬು, ಜೆಟ್ಟಿನ ರಂಧ್ರ, ಗೀಸರಿನ ಒಳಭಾಗ. ಎಂದರೆ, ಅನಿಲ ಹರಿಯುವ ದಾರಿಯನ್ನು ಬಿಚ್ಚಬೇಕಾದ ಯಾವ ಕೆಲಸವೂ ನಮ್ಮದಲ್ಲ. ಬೀದಿಯಲ್ಲಿ ‘ಗ್ಯಾಸ್ ರಿಪೇರಿ’ ಎಂದು ಕೂಗಿ ಬರುವವರೆಲ್ಲ ಕಲಿತವರೂ ಅಲ್ಲ. ನಿಮಗೆ ಸಿಲಿಂಡರು ಕೊಡುವ ವಿತರಕರ ಕಡೆಯಿಂದಲೇ ಮೆಕ್ಯಾನಿಕ್ಕನ್ನು ಕರೆಸಿರಿ, ಆತನ ಗುರುತಿನ ಚೀಟಿ ಕೇಳಿರಿ, ರಶೀದಿ ಪಡೆಯಿರಿ. ರಶೀದಿಯೆಂದರೆ ಬರಿಯ ಹಣದ ಲೆಕ್ಕವಲ್ಲ. ‘ಇದಕ್ಕೆ ನಾನು ಹೊಣೆ’ ಎಂಬ ಮಾತು ಅದರಲ್ಲಿ ಅಡಗಿದೆ. ಅವರು ಕೇಳುವ ಕೂಲಿ ಹೆಚ್ಚೆಂದು ತೋರಿದಾಗ ತಿಂಗಳಿಗೆ ೩೦೦ ಡಾಲರು ಉಳಿಸಿದ ಆ ಊರಿನ ಲೆಕ್ಕವನ್ನು ಮನಸ್ಸಿನಲ್ಲಿ ಒಮ್ಮೆ ಹಾಕಿಕೊಳ್ಳಿರಿ.

ಇದನ್ನು ಓದಿ ಮುಗಿಸಿದ ಕೂಡಲೇ ಒಂದು ಸಣ್ಣ ಕೆಲಸ ಮಾಡಿರಿ. ಅಡಿಗೆಯ ಮನೆಗೆ ಹೋಗಿ ಒಲೆಯ ಹಿಂದಿರುವ ರಬ್ಬರು ಪೈಪನ್ನು ನೋಡಿರಿ. ಅದರ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ಐದು ವರ್ಷ ದಾಟಿದ್ದರೆ, ಅಥವಾ ಬಾಗಿಸಿದಾಗ ಬಿರುಕು ಕಂಡರೆ, ನಾಳೆಯೇ ವಿತರಕರಿಗೆ ಹೇಳಿ ಬದಲಾಯಿಸಿಕೊಳ್ಳಿರಿ. ಮನೆಯ ಮಕ್ಕಳನ್ನೂ ಜೊತೆಗೆ ಕರೆದು ಅದನ್ನು ತೋರಿಸಿರಿ. ಕಪ್ಪುಹಲಗೆಯ ಮೇಲೆ ಬರೆಯಲು ಉಳಿದುಹೋದ ವಾಕ್ಯವನ್ನು ಅವರಾದರೂ ಕಲಿಯಲಿ.